ಜೇನು ಬಣ್ಣದ ಹೆಂಚು

ನಮ್ಮ ಮನೆಯ ಮೂರು ಗೋಡೆಗಳು ನಮ್ಮವಾಗಿರಲಿಲ್ಲ. ಶ್ರೀರಾಂಪುರದ ಆ ವಠಾರದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಎರಡು ಸಾಲು ಮನೆಗಳಿದ್ದವು. ನಮ್ಮದು ಸಾಲಿನ ನಡುವಿನದು. ಎಡಗೋಡೆಯಾಚೆ ಕೆಮ್ಮಿದರೂ, ಬಲಗೋಡೆಯಾಚೆ ಒಗ್ಗರಣೆ ಹಾಕಿದರೂ, ಹಿಂದಿನ ಗೋಡೆಯಾಚೆ ತೊಟ್ಟಿಲು ತೂಗಿದರೂ ನಮಗೆ ಕೇಳುತ್ತಿತ್ತು. ಸದ್ದಿಗೆ ಮೂರು ದಾರಿ, ಬೆಳಕಿಗೆ ಒಂದೇ ದಾರಿ. ಅದು ಮುಂಬಾಗಿಲು. ಆ ಬೆಳಕು ನಡುಮನೆಯ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಒಳಕೋಣೆಯಲ್ಲಿ, ಅಂದರೆ ಅಮ್ಮನ ಅಡಿಗೆಯ ಜಾಗದಲ್ಲಿ, ಹಗಲು ಹನ್ನೆರಡಕ್ಕೂ ಕತ್ತಲೆ. ಅಕ್ಕಿಯಲ್ಲಿ ಹುಳ ಆರಿಸಲು ಅಮ್ಮ ಮೊರ ಹಿಡಿದು ಹೊಸ್ತಿಲಿಗೆ ಬರುತ್ತಿದ್ದಳು. ಉಪ್ಪಿನ ಡಬ್ಬಿ ಯಾವುದು, ರಂಗೋಲಿ ಪುಡಿಯ ಡಬ್ಬಿ ಯಾವುದು ಎಂದು ಬೆರಳಲ್ಲಿ ಮುಟ್ಟಿ ತಿಳಿಯುತ್ತಿದ್ದಳು. ಆ ಕೋಣೆಗೆ ಬೆಳಕು ಬಂದ ಕಥೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನನ್ನ ತಂಗಿ ನಳಿನಿ ತೀರಿಕೊಂಡು ಏಳು ತಿಂಗಳಾಯಿತು. ಅವಳಿಗೆ ಆದದ್ದರಲ್ಲಿ ನನ್ನ ಪಾಲು ಎಷ್ಟು ಎಂಬ ಲೆಕ್ಕವನ್ನು ನಾನು ಹತ್ತನೆಯ ವಯಸ್ಸಿನಿಂದ ಒಳಗೇ ಹಾಕುತ್ತಾ ಬಂದಿದ್ದೇನೆ. ಆದ್ದರಿಂದ ಈ ಮನೆಯ ವಿಷಯ ಬರೆಯುವುದೆಂದರೆ ಆ ಬೆಳಕಿನ ವಿಷಯ ಬರೆಯುವುದೇ.

ಅಪ್ಪ ಬಟ್ಟೆ ಮಿಲ್ಲಿನ ಬಣ್ಣದ ಖಾತೆಯಲ್ಲಿದ್ದ. ಬಣ್ಣ ಹಾಕಿದ ನೂಲು ಮಾದರಿಯ ನೂಲಿಗೆ ಸರಿಹೊಂದುತ್ತದೋ ಇಲ್ಲವೋ ನೋಡುವುದು ಅವನ ಕೆಲಸ. ಅವನ ಉಗುರುಗಳು ಒಂದು ವಾರ ನೀಲಿ, ಒಂದು ವಾರ ಕಂದು. ಓದು ಹೆಚ್ಚಿರಲಿಲ್ಲ, ಆದರೆ ಕಣ್ಣಿನ ವಿಷಯದಲ್ಲಿ ಅವನಿಗೆ ಒಂದು ಶಿಸ್ತಿತ್ತು. ದೀಪದಡಿ ಬಣ್ಣ ನೋಡಬಾರದು. ಬಿಳಿಯ ಮೇಲಿಟ್ಟೇ ನೋಡಬೇಕು. ಒಂದೇ ಬಣ್ಣವನ್ನು ತುಂಬ ಹೊತ್ತು ನೋಡಿದರೆ ಎದ್ದು ಹೊರಗೆ ಹೋಗಿ, ಆಕಾಶ ನೋಡಿ, ಮತ್ತೆ ಬಂದು ನೋಡಬೇಕು.

"ಕಣ್ಣು ಒಗ್ಗಿ ಹೋಗುತ್ತೆ ಕೂಸೇ. ಒಗ್ಗಿದ್ ಕಣ್ಣು ಸುಳ್ಳು ಹೇಳುತ್ತೆ" ಎನ್ನುತ್ತಿದ್ದ.

ಅಮ್ಮ ಮತ್ತೆ ಬಸುರಿಯಾದ ವರ್ಷ ಒಂದು ದಿನ ಕತ್ತಲಲ್ಲಿ ಈಳಿಗೆಮಣೆ ಅವಳ ಹೆಬ್ಬೆರಳನ್ನು ಆಳವಾಗಿ ಸೀಳಿತು. ಸಾರಿಗೆ ರಕ್ತ ಬಿದ್ದದ್ದು ಕೂಡ ಅವಳಿಗೆ ಕಾಣಲಿಲ್ಲ. ಅವತ್ತು ಅವಳು ಊಟಕ್ಕೆ ಬಡಿಸದೆ ಗೋಡೆಗೆ ಒರಗಿ ಕೂತಳು.

"ಊರಿಗೆಲ್ಲ ಬಣ್ಣ ನೋಡಿ ಕೊಡ್ತೀರ. ನಿಮ್ ಹೆಂಡ್ತಿ ಕುರುಡಿ ತರ ತಡಕಾಡ್ಕೊಂಡು ಬೇಯಿಸ್ತಾಳೆ. ನನಗೊಂದು ಗಾಜಿನ ಹೆಂಚು ಹಾಕ್ಸಿ ಕೊಡಿ, ಇಲ್ಲಾಂದ್ರೆ ನೀವೇ ಬಂದು ಸೌಟು ಹಿಡೀರಿ."

ಮನೆಯ ಮಾಲೀಕರು ಮಾಡಿನಲ್ಲಿ ಒಂದೇ ಒಂದು ಹೆಂಚು ಬದಲಾಯಿಸಲು ಒಪ್ಪಿದರು. ಮುಂದಿನ ವಾರದ ರಜೆಯಲ್ಲಿ ಅಪ್ಪ ನನ್ನನ್ನು ಕರೆದುಕೊಂಡು ಓಕಳಿಪುರಂಗೆ ಹೋದ. ಅಲ್ಲಿ ರೈಲು ಹಳಿಯ ಪಕ್ಕ ಹಳೆಯ ಮನೆ ಒಡೆದ ಸಾಮಾನು ಮಾರುವ ಅಂಗಡಿಯಿತ್ತು. ಬಾಗಿಲು, ಸರಳು, ಹೆಂಚು, ಎಲ್ಲವೂ ಧೂಳಿನಲ್ಲಿ. ಗಾಜಿನ ಹೆಂಚುಗಳು ಗೋಣಿಚೀಲದ ಮೇಲೆ ಒಂದರ ಮೇಲೊಂದು ಮಲಗಿದ್ದವು. ನನಗೆ ಎಲ್ಲವೂ ಒಂದೇ ರೀತಿ ಕಂಡವು. ಅಪ್ಪ ತನ್ನ ಪಂಚೆಯ ಅಂಚಿನಿಂದ ಒಂದೊಂದನ್ನೂ ಒರೆಸಿ, ಬಿಳಿ ಟವೆಲು ಹಾಸಿ, ಅದರ ಮೇಲಿಟ್ಟ. ಆಗ ಅವು ಬೇರೆ ಬೇರೆಯಾದವು. ಒಂದರ ಅಂಚಿನಲ್ಲಿ ಬಾಟಲಿಯ ಹಸಿರು. ಒಂದು, ಬಹಳ ವರ್ಷ ಬಿಸಿಲು ಕುಡಿದದ್ದಂತೆ, ನೇರಳೆ ಸಿಪ್ಪೆಯ ನೀರಿನ ಹಾಗೆ ಕಂಡೂ ಕಾಣದ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಜೇನಿನ ಬಣ್ಣ. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾವುದೋ ಬಂಗಲೆ ಒಡೆದಾಗ ಬಂದದ್ದು ಎಂದ ಅಂಗಡಿಯವನು.

"ಗಾಜಿಗೆ ಎಲ್ಲಿಂದ ಬಂತು ಗುರುವೇ ಬಣ್ಣ? ಗಾಜು ಗಾಜೇ. ಬೇಗ ತಗೊಳ್ಳಿ, ಬಿಸಿಲು ಏರ್ತಿದೆ."

"ಬಣ್ಣ ಇಲ್ದಿರೋ ಗಾಜು ಇಲ್ಲ ಸ್ವಾಮಿ" ಎಂದ ಅಪ್ಪ. "ಇಲ್ಲಿ ಕಾಣೋದು ಮನೇಲಿ ಕಾಣಲ್ಲ. ಎರಡು ತಗೊಂಡ್ ಹೋಗ್ತೀನಿ, ಹಾಕಿ ನೋಡ್ತೀನಿ. ಒಂದು ವಾಪಸ್ ಕೊಡ್ತೀನಿ."

ಹಸಿರಂಚಿನದನ್ನು ಅಪ್ಪ ಎತ್ತಿಕೊಂಡ. ಜೇನು ಬಣ್ಣದ್ದನ್ನು ನಾನು ಅಪ್ಪಿಕೊಂಡು ಬಂದೆ. ದಾರಿಯುದ್ದಕ್ಕೂ ಅದು ನನ್ನ ಲಂಗದ ಮೇಲೆ ಹಳದಿ ಬೆಳಕು ಚೆಲ್ಲುತ್ತಿತ್ತು.

ಮೊದಲ ದಿನ ಮಾಡಿನ ಮಣ್ಣಿನ ಹೆಂಚೊಂದನ್ನು ಸರಿಸಿ ಹಸಿರಂಚಿನದನ್ನು ಕೂರಿಸಿದೆವು. ಒಳಕೋಣೆಗೆ ಮೊದಲ ಬಾರಿ ಹಗಲು ಬಂತು, ಆದರೆ ಅದು ಬಾವಿಯೊಳಗಿನ ಹಗಲಿನಂತೆ ತಣ್ಣಗಿತ್ತು. ಅನ್ನ ಹಳಸಿದ ಹಾಗೆ ಕಂಡಿತು. ಗೋಡೆಯ ಮಸಿ, ಮೂಲೆಯ ಜೇಡರ ಬಲೆ, ಅಮ್ಮನ ಕಣ್ಣ ಕೆಳಗಿನ ಕಪ್ಪು, ಎಲ್ಲ ಲೆಕ್ಕಕ್ಕೆ ಸಿಕ್ಕಿದವು. ಎರಡನೆಯ ದಿನ ಜೇನು ಬಣ್ಣದ್ದು. ಅಲ್ಯೂಮಿನಿಯಂ ಪಾತ್ರೆ ಹಿತ್ತಾಳೆಯಾಯಿತು. ಬರಿಯ ಅನ್ನದ ಮೇಲೆ ತುಪ್ಪ ಬಿದ್ದ ಹಾಗಾಯಿತು. ಅಮ್ಮ ತನ್ನ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಇದೇ ಇರ್ಲಿ."

"ಬೇಡ. ಇದು ಬೆಳಕಿಗೆ ಬಣ್ಣ ಕೂಡಿಸುತ್ತೆ. ಆಮೇಲೆ ಒಳಗಿರೋ ಯಾವ್ದನ್ನೂ ನಂಬೋಕಾಗಲ್ಲ" ಎಂದ ಅಪ್ಪ.

"ನಾನೇನ್ ಒಳಗೆ ಕೂತು ನೂಲು ನೋಡ್ಬೇಕಾ? ಮುದ್ದೆ ತಿರುವ್ಬೇಕು. ಮುದ್ದೆಗೆ ಯಾವ್ ಶೇಡು?"

"ಹಸುರು ಒಳ್ಳೇದು. ಇದ್ದದ್ದನ್ನ ಇದ್ದಂಗೆ ತೋರ್ಸುತ್ತೆ."

"ಇದ್ದದ್ದು ನನಗೆ ಗೊತ್ತಿದೆ ಬಿಡಿ. ದಿನಾ ಅದನ್ನೇ ತೋರಿಸ್ಬೇಡಿ."

ಮೂರು ದಿನ ಅವರಿಬ್ಬರೂ ನನ್ನ ಮೂಲಕ ಮಾತಾಡಿದರು. ನೀರು ಕೇಳುವುದಕ್ಕೂ ನಾನೇ, ಇಲ್ಲ ಎನ್ನುವುದಕ್ಕೂ ನಾನೇ. ನಾಲ್ಕನೆಯ ದಿನ ಊಟದ ಹೊತ್ತಿಗೆ ಅಪ್ಪ ತಟ್ಟೆಯಿಂದ ತಲೆಯೆತ್ತದೆ, "ಜಯ ಹೇಳ್ಲಿ. ಅವಳು ಹೇಳಿದ್ದೇ ಆಗ್ಲಿ" ಎಂದ. ಇಬ್ಬರೂ ನನ್ನ ಕಡೆ ನೋಡಿದರು. ಅಪ್ಪನ ಮಾತು ಸರಿ ಎಂದು ನನಗೆ ಗೊತ್ತಿತ್ತು. ಇದನ್ನು ನಾನು ಇಲ್ಲಿ ಬರೆಯಲೇಬೇಕು. ಗೊತ್ತಿಲ್ಲದೆ ಆರಿಸಲಿಲ್ಲ. ಟವೆಲಿನ ಮೇಲೆ ನಾನೂ ನೋಡಿದ್ದೆ. ಆದರೆ ಆ ಹಳದಿಯಲ್ಲಿ ಅಮ್ಮ ಮದುವೆಯ ಹೆಣ್ಣಿನ ಹಾಗೆ ಕಾಣುತ್ತಿದ್ದಳು.

"ಜೇನಿಂದು" ಎಂದೆ.

ಅಪ್ಪ ಹಸಿರಂಚಿನ ಹೆಂಚನ್ನು ಗೋಣಿಯಲ್ಲಿ ಸುತ್ತಿ ವಾಪಸು ಕೊಟ್ಟು ಬಂದ. ಒಂದು ವಾರ ಕಳೆಯುವಷ್ಟರಲ್ಲಿ ಒಳಕೋಣೆ ಹಳದಿ ಎನ್ನುವುದೇ ನಮಗೆ ಮರೆತುಹೋಯಿತು. ಅದು ಬರಿಯ ಬೆಳಕಾಯಿತು.

ನಳಿನಿ ಹುಟ್ಟಿದ ಮೂರನೆಯ ದಿನ ಅಮ್ಮ ಹೆರಿಗೆ ಆಸ್ಪತ್ರೆಯಿಂದ ಬಂದು ಆ ಕೋಣೆ ಸೇರಿದಳು. ಅಡಿಗೆ ನಡುಮನೆಗೆ ಬಂತು. ಅಮ್ಮನ ತಾಯಿ, ನಮ್ಮಜ್ಜಿ, ಬಾಣಂತನಕ್ಕೆ ಬಂದಿದ್ದಳು. ಹನ್ನೊಂದು ದಿನ ಪುರುಡು. ಅಷ್ಟು ದಿನ ತಾಯಿ ಮಗು ಹೊಸ್ತಿಲು ದಾಟುವಂತಿಲ್ಲ, ಗಂಡಸರು ಒಳಗೆ ಕಾಲಿಡುವಂತಿಲ್ಲ. ಬೇರೆ ಮನೆಗಳಲ್ಲಿ ಈ ನಿಯಮ ಸ್ವಲ್ಪ ಸಡಿಲವಾಗಿತ್ತು. ನಮ್ಮಲ್ಲಿ ಆಗುವಂತಿರಲಿಲ್ಲ. ನನಗೂ ನಳಿನಿಗೂ ನಡುವೆ ಹುಟ್ಟಿದ ಗಂಡುಮಗು ಎಂಟನೆಯ ದಿನ ಹೋಗಿತ್ತು. ಆಗ ಆರನೆಯ ದಿನವೇ ಅಪ್ಪ ಒಳಗೆ ಹೋಗಿ ಅದನ್ನು ಎತ್ತಿಕೊಂಡಿದ್ದ. ಅಜ್ಜಿ ಆ ಮಾತನ್ನು ಎಂದೂ ಬಾಯಿಬಿಟ್ಟು ಆಡಲಿಲ್ಲ. ಅಪ್ಪ ಹೊಸ್ತಿಲ ಹತ್ತಿರ ಬಂದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದಳು. ಅಪ್ಪನೂ ಅದನ್ನು ನಂಬಿದ್ದನೋ ಏನೋ. ಬಾಗಿಲಿನಾಚೆ ಕೂತು, ಕತ್ತು ಚಾಚಿ, ಮಗುವಿನ ಬಟ್ಟೆಯ ಅಂಚು ಕಂಡರೆ ತೃಪ್ತಿಪಡುತ್ತಿದ್ದ. ಒಳಗೆ ಹೋಗಿ ಬರುವವಳು ನಾನೊಬ್ಬಳೇ.

ಅದು ಸದ್ದಿಲ್ಲದ ಮಗು. ಹಾಲಿಗೆ ಎಬ್ಬಿಸಬೇಕಿತ್ತು. ಎರಡು ಗುಟುಕು ಕುಡಿದು ಮತ್ತೆ ನಿದ್ದೆ. ದಿನಾ ಬೆಳಿಗ್ಗೆ ಅಜ್ಜಿ ಅದಕ್ಕೆ ಎಣ್ಣೆ ಅರಿಶಿನ ತಿಕ್ಕಿ, ನೀರೆರೆದು, ಸಾಂಬ್ರಾಣಿ ಹೊಗೆ ಹಿಡಿದು ಸುತ್ತಿ ಮಲಗಿಸುತ್ತಿದ್ದಳು.

"ಎಂಥಾ ಸಾಧು ಮಗು ಕೊಟ್ಟ ನೋಡು ದೇವ್ರು. ನೀನು ಹುಟ್ಟಿದಾಗ ವಠಾರಾನೇ ಎಬ್ಬಿಸಿ ಕೂರಿಸ್ತಿದ್ದೆ" ಎಂದು ನನ್ನನ್ನು ತಿವಿಯುತ್ತಿದ್ದಳು.

ಏಳನೆಯ ದಿನ ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದವನು ನಡುಮನೆಯಲ್ಲಿ ಕೂತು ಬಹಳ ಹೊತ್ತು ಕಿವಿಗೊಟ್ಟ. ಎಡಗೋಡೆಯ ಕೆಮ್ಮು ಕೇಳಿತು. ಹಿಂದಿನ ಗೋಡೆಯ ತೊಟ್ಟಿಲು ಕೇಳಿತು. ನಮ್ಮ ಕೋಣೆಯಿಂದ ಏನೂ ಇಲ್ಲ. ಆಮೇಲೆ ಒಮ್ಮೆಲೇ ಒಂದು ಕೂಗು ಬಂತು. ಮಗುವಿನ ಅಳುವಲ್ಲ, ಹದ್ದಿನ ದನಿಯ ಹಾಗೆ ಚೂಪಾಗಿ ಎದ್ದು ತಟ್ಟನೆ ನಿಂತಿತು. ಅಪ್ಪ ಎದ್ದು ಹೊಸ್ತಿಲಿಗೆ ಬಂದ. ಅಜ್ಜಿ ಅಡ್ಡ ನಿಂತಳು.

"ಅಳಿಯಂದ್ರೇ, ನಾಲ್ಕ್ ದಿನ ತಡ್ಕೊಳ್ಳಿ. ಒಂದ್ಸಲ ಆಗಿದ್ದು ಸಾಕು."

"ಮಗು ಬಣ್ಣ ಹೆಂಗಿದೆ ಅತ್ತೆ?"

"ಅರಿಶಿನ ಹಚ್ಚಿದ್ ಮಗು. ಇನ್ ಹೆಂಗಿರುತ್ತೆ?"

ಅಪ್ಪ ನನ್ನನ್ನು ಕರೆದ. ಬಟ್ಟೆ ಸೋಪನ್ನು ಒದ್ದೆ ಮಾಡಿ ಬಿಳಿ ಚಿಂದಿಯೊಂದಕ್ಕೆ ಉಜ್ಜಿ ನನ್ನ ಕೈಗಿಟ್ಟ.

"ಹೋಗಿ ಮಗು ಅಂಗಾಲು ಒರ್ಸು. ಅರಿಶಿನ ಆದ್ರೆ ಸೋಪಿಗೆ ಕೆಂಪಾಗುತ್ತೆ."

ಒರೆಸಿ ತಂದೆ. ಹೊರಗಿನ ಬೆಳಕಿನಲ್ಲಿ ಚಿಂದಿ ಕೆಂಪಾಗಿತ್ತು. ಅಜ್ಜಿ ಗೆದ್ದವಳ ಹಾಗೆ ನಕ್ಕಳು. "ನೋಡಿ! ನಿಮ್ ಮಿಲ್ಲಿನ ಬುದ್ಧಿ ಬಾಣಂತಿ ಮನೇಲಿ ತೋರ್ಸ್ಬೇಡಿ." ಅಪ್ಪ ಇನ್ನೊಂದು ಚಿಂದಿ ಕೊಟ್ಟ. ಅದು ತುಸು ಕೆಂಪು. ಮೂರನೆಯದು ಬೆಳ್ಳಗೇ ಬಂತು. ಅಂದರೆ ಅಂಗಾಲಿನಲ್ಲಿ ಇನ್ನು ಅರಿಶಿನವಿಲ್ಲ.

"ಈಗ ಅಂಗಾಲು ಯಾವ ಬಣ್ಣ ಇದೆ, ನೋಡ್ಕೊಂಡ್ ಬಾ."

ನಾನು ಒಳಗೆ ಹೋಗಿ ಮಂಡಿಯೂರಿ ನೋಡಿದೆ. ಮಗುವಿನ ಅಂಗಾಲು, ಅಮ್ಮನ ಕೈ, ಹಾಸಿದ ಬಿಳಿ ಪಂಚೆ, ನನ್ನದೇ ಉಗುರು. ಎಷ್ಟು ನೋಡಿದರೂ ಎಲ್ಲವೂ ಒಂದೇ. ನನಗೆ ಅಳು ಬಂತು.

"ಗೊತ್ತಾಗ್ತಿಲ್ಲಪ್ಪಾ. ಎಲ್ಲಾ ಒಂದೇ ತರ ಇದೆ."

ಅಪ್ಪ ತಲೆಯೆತ್ತಿ ಮಾಡಿನ ಕಡೆ ನೋಡಿದ. ಆ ಕ್ಷಣ ನನಗೂ ಅದು ಹಳದಿಯಾಗಿ ಕಂಡಿತು, ಎಷ್ಟೋ ತಿಂಗಳ ನಂತರ. ಅವನು ಅಜ್ಜಿಯನ್ನು ತಳ್ಳಲಿಲ್ಲ, ಹೊಸ್ತಿಲು ದಾಟಲಿಲ್ಲ. ಹೊರಗೆ ಓಡಿ ನಲ್ಲಿಯ ಕಟ್ಟೆ ಹತ್ತಿ, ಅಲ್ಲಿಂದ ಗೋಡೆ, ಅಲ್ಲಿಂದ ಮಾಡು. ಅವನ ಕಾಲ ಕೆಳಗೆ ಹೆಂಚುಗಳು ಒಂದೊಂದಾಗಿ ಸಿಡಿಯುವುದು ಒಳಗಿದ್ದ ನಮಗೆ ಕೇಳಿತು. ತಲೆಯ ಮೇಲೆ ಜೇನು ಬಣ್ಣದ ಗಾಜಿಗೆ ಅವನ ನೆರಳು ಬಿತ್ತು. ಕರಕರ ಎಂದು ಸದ್ದಾಗಿ ಹೆಂಚು ಎದ್ದಿತು.

"ಬಾಣಂತಿ ತಲೆ ಮೇಲಿನ ಮಾಡು ಕೀಳ್ತಾರಾ ಯಾರಾದ್ರೂ! ಶನಿ ಹಿಡೀತಾ ಇವ್ರಿಗೆ!" ಎಂದು ಅಜ್ಜಿ ಎದೆ ಬಡಿದುಕೊಂಡಳು.

ಮಧ್ಯಾಹ್ನದ ಆಕಾಶ ನೇರ ಕೆಳಗೆ ಬಿತ್ತು. ಮೊದಲು ಧೂಳು ಬೆಳ್ಳಗಾಯಿತು, ಆಮೇಲೆ ಪಂಚೆ ಬೆಳ್ಳಗಾಯಿತು, ಅಮ್ಮನ ಕೈ ಅದರ ಕಂದು ಬಣ್ಣಕ್ಕೆ ಮರಳಿತು. ಮಗು ಒಂದೇ ಮರಳಲಿಲ್ಲ. ಒರೆಸಿದ ಅಂಗಾಲಿನಿಂದ ರೆಪ್ಪೆಯವರೆಗೆ ಅದು ಮಾಗಿದ ನಿಂಬೆಹಣ್ಣಿನಷ್ಟು ಹಳದಿಯಾಗಿತ್ತು. ಮೇಲಿನ ಚೌಕದಲ್ಲಿ ಅಪ್ಪನ ಮುಖ ಕಂಡಿತು. ಅವನು ಒಮ್ಮೆ ನೋಡಿದ. ಮುಖ ತಿರುಗಿಸಿ ಆಕಾಶ ನೋಡಿದ. ಮತ್ತೆ ನೋಡಿದ. ಮಿಲ್ಲಿನಲ್ಲಿ ಹೇಗೋ ಹಾಗೆ.

ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಎದ್ದಿದ್ದಳು. ಏಳು ದಿನದ ಬಾಣಂತಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮಗುವನ್ನು ಪಂಚೆಯ ಸಮೇತ ಎತ್ತಿ ಎದೆಗವಚಿಕೊಂಡು ಅಜ್ಜಿಯ ಮುಂದೆ ನಿಂತಳು.

"ದಾರಿ ಬಿಡಮ್ಮ" ಎಂದಳು.

ಅಜ್ಜಿ ಬಿಟ್ಟಳು.

ಆಸ್ಪತ್ರೆಯಲ್ಲಿ ಕಾಮಾಲೆ ಎಂದರು, ಮಗುವಿನ ರಕ್ತವನ್ನೇ ಬದಲಾಯಿಸಿದರು. ಎರಡು ದಿನ ಮೊದಲು ಕರೆತರಬೇಕಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅಪ್ಪ ಮನೆಗೆ ಬಂದು ಹಾಗೇ ಹೇಳಿದ. ವಠಾರದ ಹೆಂಗಸರು ಬಾಗಿಲಲ್ಲಿ ಸೇರಿದ್ದರು. ಹೆಂಚಿನ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಬಣ್ಣದ ಖಾತೆಯವನ ಮನೆಯಲ್ಲೇ ಹೀಗಾಯಿತಲ್ಲ, ಆ ಹಾಳು ಹೆಂಚನ್ನು ಯಾರು ತಂದದ್ದು ಎಂದು ಯಾರೋ ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ನಾನೇ ಆರಿಸಿದ್ದು" ಎಂದ ಅಪ್ಪ.

ನಾನು ಹೊರಗೆ ಬಂದು ಇಲ್ಲ ಎನ್ನಲಿಲ್ಲ. ಅವತ್ತೂ ಎನ್ನಲಿಲ್ಲ, ಆಮೇಲೂ ಎನ್ನಲಿಲ್ಲ. ನಳಿನಿ ಉಳಿದಳು. ಒಂದೂವರೆ ವರ್ಷದವಳಿದ್ದಾಗ ಅವಳ ಬೆನ್ನ ಹಿಂದೆ ನನ್ನ ಕೈಯಿಂದ ಸ್ಟೀಲಿನ ತಂಬಿಗೆ ಜಾರಿ ಬಿತ್ತು. ಮೂರೂ ಗೋಡೆಯಾಚೆಯವರು ಏನಾಯಿತೆಂದು ಕೇಳಿದರು. ಅವಳು ತಿರುಗಲಿಲ್ಲ. ಅಮ್ಮ ಮತ್ತೆ ತಂಬಿಗೆ ಎತ್ತಿ ಬೀಳಿಸಿದಳು. ಮತ್ತೆ ಎತ್ತಿ ಬೀಳಿಸಿದಳು. ಆ ಕಾಮಾಲೆಯೇ ಕಿವಿ ತಿಂದಿತು ಎಂದು ಆಮೇಲೆ ತಿಳಿಯಿತು. ಮಾಡಿಗೆ ಅಪ್ಪ ಅಷ್ಟರಲ್ಲಿ ಹಸಿರಂಚಿನ ಗಾಜು ತಂದು ಹಾಕಿದ್ದ. ಆ ಸ್ಪಷ್ಟ ತಣ್ಣನೆಯ ಬೆಳಕಿನಲ್ಲಿ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತ ಉಣ್ಣುತ್ತಿದ್ದೆವು. ನಾನು ಆಮೇಲೆ ಏನನ್ನೂ ಆರಿಸದವಳಾದೆ. ಸೀರೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಮದುವೆಯ ಮಾತಿನಲ್ಲಿ, ಎಲ್ಲ ಕಡೆಯೂ ನನ್ನದು ಒಂದೇ ಉತ್ತರ. ನಿಮಗೆ ಹೇಗೆ ಬೇಕೋ ಹಾಗೆ. ಜನ ಅದನ್ನು ಒಳ್ಳೆಯತನ ಎಂದುಕೊಂಡರು.

ಅಪ್ಪನ ಕಣ್ಣು ಬಂದದ್ದು ನಳಿನಿಗೆ. ಮಲ್ಲೇಶ್ವರಂನಲ್ಲಿ ಸೀರೆಗೆ ರವಿಕೆ ಬಟ್ಟೆ ಹೊಂದಿಸಿ ಕೊಡುವ ಮ್ಯಾಚಿಂಗ್ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದಳು. ಗಿರಾಕಿಗಳು ಬಾಯಿಬಿಡುವ ಮೊದಲೇ ಸೀರೆಯನ್ನು ಕಸಿದುಕೊಂಡು ಫುಟ್‌ಪಾತಿಗೆ ಓಡುತ್ತಿದ್ದಳು, ಹೊರಗಿನ ಬೆಳಕಿಗೆ ಹಿಡಿಯಲು. ಅಪ್ಪ ಅಮ್ಮ ಹೋದ ಮೇಲೆ ನಾವಿಬ್ಬರೇ ಅಲ್ಲೇ ಹತ್ತಿರದ ಕ್ರಾಸೊಂದರಲ್ಲಿ ಎರಡು ಕೋಣೆಯ ಮನೆ ಮಾಡಿದ್ದೆವು. ಹೋದ ವರ್ಷ ಒಲೆಯ ಹಿಂದಿನ ಗೋಡೆಗೆ ಗಾಜಿನ ಟೈಲ್ಸ್ ಹಾಕಿಸಬೇಕೆಂದು ಹಟ ಹಿಡಿದಳು. ಅಂಗಡಿಯಿಂದ ಮೂರು ಮಾದರಿ ತಂದು ಅಡಿಗೆ ಕಟ್ಟೆಯ ಮೇಲೆ ಇಟ್ಟಳು. ಮೊದಲು ಬಿಳಿ ಹಾಳೆಯ ಮೇಲೆ, ಆಮೇಲೆ ಬೂದು ರಟ್ಟಿನ ಮೇಲೆ. ಬೂದು ಬಣ್ಣದ ಮೇಲೆ ಮೂರೂ ಸತ್ತುಹೋದವು. ನೋಡು, ಗಾಜಿಗೆ ಹಿಂದಿರುವುದೇ ಬಣ್ಣ ಎಂದು ಕೈಯಲ್ಲಿ ಹೇಳಿದಳು. ಆಮೇಲೆ ಒಂದನ್ನು ಎತ್ತಿ ನನ್ನ ಮುಂದೆ ಹಿಡಿದಳು. ಜೇನಿನ ಬಣ್ಣ.

ನಾನು ಬೇಡ ಎಂದೆ. ಜೀವಮಾನದಲ್ಲಿ ಅವಳ ಯಾವ ಆಯ್ಕೆಗೂ ಬೇಡ ಎಂದವಳಲ್ಲ. ಅವಳು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಯಾಕೆ? ನಾನು ಮುಖ ತಪ್ಪಿಸಿದೆ. ಮತ್ತೆ ತಿರುಗಿಸಿದಳು. ಯಾಕೆ? ನನ್ನ ಕೈಭಾಷೆ ತೊದಲುತ್ತಿತ್ತು. ಕೊನೆಗೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದೆ. ಹೆಂಚು, ಮೂರು ದಿನದ ಜಗಳ, ಊಟದ ತಟ್ಟೆ, ನಾನು ಹೇಳಿದ ಆ ಒಂದು ಮಾತು. ನಿನ್ನ ಕಿವಿ ಹೋದದ್ದು ನನ್ನಿಂದ ಎಂದು ಬರೆದು ಪೆನ್ನು ಕೆಳಗಿಟ್ಟೆ. ಅವಳು ನಿಧಾನವಾಗಿ ಓದುತ್ತಿದ್ದಳು. ಕುಕ್ಕರು ಮೂರು ಸೀಟಿ ಕೂಗಿತು. ಒಲೆ ಆರಿಸಬೇಕೆಂದು ನನಗೆ ತೋಚಲಿಲ್ಲ.

ಓದಿ ಮುಗಿಸಿ ಅವಳು ನಕ್ಕಳು. ತನಗೇ ಕೇಳಿಸದ, ತಡೆಯಿಲ್ಲದ ಆ ದೊಡ್ಡ ನಗು. ಪೆನ್ನು ತೆಗೆದುಕೊಂಡು ನನ್ನ ಸಾಲುಗಳ ಕೆಳಗೇ ಬರೆದಳು:

"ಅಪ್ಪ ಸಾಯೋ ಮುಂಚೆ ನಾನೇ ಆರಿಸಿದ್ದು ಅಂದ. ಅಮ್ಮ ನಾನು ಹಟ ಮಾಡಿದ್ದು ಅಂದಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಕ್ಕೆ ನನ್ನ ಕಾಲು ಹಿಡಿದಿದ್ದಳು, ನನಗಾಗ ಎಂಟು ವರ್ಷ. ಒಂದು ಹೆಂಚು ಆರಿಸೋಕೆ ಎಷ್ಟು ಜನ ಕಣೇ?"

ಆಮೇಲೆ ಆ ಗಾಜಿನ ಚೂರನ್ನು ತನ್ನ ಒಂದು ಕಣ್ಣಿಗೆ ಹಿಡಿದು ನನ್ನನ್ನು ನೋಡಿದಳು. ಚೆನ್ನಾಗಿ ಕಾಣುತ್ತೀಯ ಎಂದು ಇನ್ನೊಂದು ಕೈಯಲ್ಲಿ ಹೇಳಿದಳು.

ಟೈಲ್ಸ್ ಪೆಟ್ಟಿಗೆ ಮನೆಗೆ ಬಂದ ವಾರದಲ್ಲೇ, ಒಂದು ಬೆಳಿಗ್ಗೆ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವಳು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕೂತಳು. ಪೆಟ್ಟಿಗೆ ಆರು ತಿಂಗಳು ಮಂಚದ ಕೆಳಗಿತ್ತು. ಹೋದ ತಿಂಗಳು ಕೆಲಸದವರನ್ನು ಕರೆಸಿದೆ. ಟೈಲ್ಸ್ ಹಾಕುವವನು ಸಿಮೆಂಟಿನ ಬಾಣಲೆ ಹಿಡಿದು ನಿಂತಿದ್ದ.

"ಅಮ್ಮ, ಹಿಂದ್ಗಡೆ ಮಾಮೂಲಿ ಸಿಮೆಂಟೇ ಬಡ್ದುಬಿಡ್ತೀನಿ. ಒಳಗಿಂದು ಯಾರಿಗ್ ಕಾಣುತ್ತೆ?"

"ಕಾಣುತ್ತೆ. ಬಿಳಿದು ಹಾಕಿ."

"ಬಿಳಿದು ತರಬೇಕು, ಲೇಟಾಗುತ್ತೆ. ನಿಮ್ಗೆ ಹೆಂಗ್ ಬೇಕೋ ಹಂಗೆ."

"ತನ್ನಿ. ಕಾಯ್ತೀನಿ" ಎಂದೆ.

ಈಗ ಗೋಡೆ ಮುಗಿದಿದೆ. ಬೆಳಗಿನ ಹೊತ್ತು ಅಡಿಗೆ ಕಟ್ಟೆಯ ಮೇಲೆ, ನನ್ನ ಕೈಯ ಮೇಲೆ, ಒಂದೇ ಲೋಟದ ಕಾಫಿಯ ಮೇಲೆ ಜೇನು ಬಣ್ಣ ಬೀಳುತ್ತದೆ. ಮೊದಲ ಎರಡು ದಿನ ಕಂಡಿತು, ಮೂರನೆಯ ದಿನ ಕಾಣಲಿಲ್ಲ. ಒಗ್ಗಿಹೋಗಿತ್ತು. ಒಂದೇ ಲೋಟಕ್ಕೂ ನನ್ನ ಕಣ್ಣು ಒಗ್ಗುತ್ತಿದೆ ಎಂದು ಅವತ್ತು ಗೊತ್ತಾಯಿತು. ಅಂದಿನಿಂದ ದಿನಾ ಒಲೆ ಸಣ್ಣಗೆ ಮಾಡಿ ಹೊರಗೆ ಹೋಗುತ್ತೇನೆ. ಅವಳು ಸೀರೆ ಹಿಡಿದು ನಿಲ್ಲುತ್ತಿದ್ದ ಹಾಗೆ ರಸ್ತೆಯ ಬೆಳಕಿನಲ್ಲಿ ನಿಂತು ಸ್ವಲ್ಪ ಹೊತ್ತು ಆಕಾಶ ನೋಡುತ್ತೇನೆ. ಆಮೇಲೆ ಒಳಗೆ ಬಂದು ಮತ್ತೆ ನೋಡುತ್ತೇನೆ.